ಎ ಅಂದರೋ, ದಿ ಅಂದರೋ

ಕುರ್ಚಿ ಕಾರ್ಖಾನೆಯ ರವಾನೆ ವಿಭಾಗದ ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದನ್ನು ಈಗ ಸಂಬಳದ ದಿನ ಮಾತ್ರ ಕೂಗುತ್ತಾರೆ. ಮಿಕ್ಕ ದಿನಗಳಲ್ಲಿ ಅವನು ಯಾವ್ದಪ್ಪ. ಇಂಗ್ಲಿಷ್ ಕಲಿಯಲು ಹೊರಟ ಮೇಲೆ ಬಂದ ಹೆಸರು ಇದು. ಅದಕ್ಕೂ ಮೊದಲು ಅವನೂ ಎಲ್ಲರ ಹಾಗೆಯೇ ಇದ್ದ. ಯಾರಾದರೂ ಕುರ್ಚಿ ಬಂತು ಎಂದರೆ, ಬಂತು ಎಂದುಕೊಂಡು ಸುಮ್ಮನಾಗುತ್ತಿದ್ದ. ನಮ್ಮ ಮಾತಿನಲ್ಲಿ ಕುರ್ಚಿ ಬಂದರೆ ಅದು ಯಾವುದೋ ಒಂದು ಕುರ್ಚಿಯೋ, ಅದೇ ಆ ಕುರ್ಚಿಯೋ ಎಂದು ಯಾರೂ ವಿಚಾರಣೆ ನಡೆಸುವುದಿಲ್ಲ, ಕೂತುಕೊಳ್ಳುತ್ತೇವೆ, ಅಷ್ಟೆ. ಇಂಗ್ಲಿಷಿನವರು ಹಾಗಲ್ಲ. ಅವರ ಕುರ್ಚಿಯ ಮುಂದೆ ಎ ಎನ್ನುವುದೋ ದಿ ಎನ್ನುವುದೋ ಕಾವಲಿಗೆ ನಿಂತಿರಲೇಬೇಕು.

ಇಂಗ್ಲಿಷ್ ಬೇಕಾದದ್ದು ಹೊಸ ಮ್ಯಾನೇಜರ್ ಬಂದದ್ದರಿಂದ. ಅವರಿಗೆ ನಮ್ಮ ಮಾತು ಬಾರದು. ಬಂದ ದಿನವೇ ರವಾನೆ ವಿಭಾಗಕ್ಕೆ ಬಂದು, ಅಲ್ಲಿದ್ದ ಮೂವರನ್ನೂ ನೋಡಿ, ಏನೋ ಉದ್ದಕ್ಕೆ ಹೇಳಿ, ಉತ್ತರಕ್ಕೆ ಕಾದರು. ಮೂವರೆಂದರೆ ಯಾವ್ದಪ್ಪ, ಸೋಫಾ ಕುರ್ಚಿಗಳನ್ನು ಹಗ್ಗ ಬಿಗಿದು ಕಟ್ಟುವ ಗಂಟಣ್ಣ, ಮತ್ತು ವ್ಯಾನ್ ಡ್ರೈವರ್. ಡ್ರೈವರ್ ಚಕ್ರ ನೋಡುವ ನೆಪದಲ್ಲಿ ವ್ಯಾನಿನ ಕೆಳಗೆ ತೂರಿಕೊಂಡ. ಗಂಟಣ್ಣ ಹಲ್ಲು ಬಿಟ್ಟ. ಯಾವ್ದಪ್ಪ ಎದ್ದು ನಿಂತು "ಯಸ್ ಸರ್" ಎಂದ. ಮ್ಯಾನೇಜರ್ ಕೇಳಿದ್ದು, ನಿಮ್ಮಲ್ಲಿ ಯಾರಿಗಾದರೂ ನನ್ನ ಮಾತು ಅರ್ಥವಾಯಿತೆ ಎಂದು. ಹೀಗಾಗಿ ಒಂದೇ ಮಾತಿನಲ್ಲಿ ಅವನು ಇಂಗ್ಲಿಷ್ ಬಲ್ಲವನಾಗಿಬಿಟ್ಟ. ಬಲ್ಲವನಾದ ಮೇಲೆ ಕಲಿಯದೆ ಗತಿಯಿರಲಿಲ್ಲ.

ಒಳಗೊಳಗೆ ಇನ್ನೂ ಒಂದು ಆಸೆಯಿತ್ತು. ವಿಭಾಗಕ್ಕೆ ಇನ್‌ಚಾರ್ಜ್ ಆಗಬೇಕು, ಕೈಯಿರುವ ಕುರ್ಚಿಯಲ್ಲಿ ಕೂರಬೇಕು. ಸಾವಿರಾರು ಜನಕ್ಕೆ ಕೈಯಿರುವ ಕುರ್ಚಿ ಕಳಿಸಿಕೊಟ್ಟವನು ತಾನು ಮಾತ್ರ ಕೈಯಿಲ್ಲದ ಹಳೆ ಕುರ್ಚಿಯಲ್ಲಿ ಕೂತಿದ್ದ. ಹೆಂಡತಿಗೆ ಈ ಆಸೆ ಗೊತ್ತಿತ್ತು. ಅವಳು ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡೇ, "ಕ್ಲಾಸಿಗೆ ಸೇರ್ಕೊಳ್ಳಿ. ಮನೇಲಿ ಕೂತು ನನ್ನ ತಲೆ ತಿನ್ನೋದಾದ್ರೂ ತಪ್ಪುತ್ತೆ" ಎಂದಳು.

ಸಂಜೆ ಕ್ಲಾಸಿನ ಮೇಷ್ಟ್ರು ನಿವೃತ್ತರಾದ ಮೇಲೂ ಸೀಮೆಸುಣ್ಣ ಬಿಡದವರು. ಯಾವ್ದಪ್ಪನ ಮೊದಲ ವಾಕ್ಯಕ್ಕೇ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವನು ಹೇಳಿದ್ದು "ಐ ಹ್ಯಾವ್ ದಿ ವೈಫ್" ಎಂದು.

"ಎ ವೈಫ್ ಅನ್ನಬೇಕಪ್ಪ," ಎಂದರು ಮೇಷ್ಟ್ರು.

"ಎ ಅಂದ್ರೆ ಒಬ್ಬಳು ಹೆಂಡತಿ ಅಂತ ಅಲ್ವಾ ಸಾರ್? ಒಬ್ಬಳು ಅಂದ್ರೆ ಇನ್ನೊಬ್ಬಳೂ ಇದ್ದಾಳೇನೋ ಅನ್ನೋ ಹಾಗಿರುತ್ತೆ. ನನಗೆ ಇರೋದು ಇವಳೇ."

"ಇವಳು ಯಾರು ಅಂತ ನಿನಗೆ ಗೊತ್ತು. ಕೇಳೋನಿಗೆ ಗೊತ್ತಾ? ನಿನ್ನ ತಲೇಲಿ ಇದ್ರೆ ಸಾಲದು, ಅವನ ತಲೇಲೂ ಇರಬೇಕು. ಇಬ್ಬರಿಗೂ ಗೊತ್ತಿದ್ರೆ ದಿ. ಇಲ್ಲದಿದ್ರೆ ಎ. ಇಷ್ಟೇ."

ಇಷ್ಟೇ ಎಂದು ಮೇಷ್ಟ್ರು ಹೇಳಿದ್ದನ್ನು ಮಿಕ್ಕ ವಿದ್ಯಾರ್ಥಿಗಳು ಬರೆದುಕೊಂಡು ಮರೆತರು. ಯಾವ್ದಪ್ಪ ಮಾತ್ರ ಮರೆಯಲಿಲ್ಲ. ಮನೆಗೆ ನಡೆದು ಬರುವಾಗ ಆ ನಿಯಮದ ಇನ್ನೊಂದು ಮುಖ ಅವನಿಗೆ ಹೊಳೆಯಿತು. ಇಬ್ಬರಿಗೂ ಗೊತ್ತಿದ್ದರೆ ಮಾತ್ರ ದಿ. ಹಾಗಾದರೆ ಇಬ್ಬರು ದಿ ಹಾಕಿ ಮಾತಾಡಿಕೊಂಡು, ಅದೇನೆಂದು ತನಗೆ ಗೊತ್ತಿಲ್ಲದಿದ್ದರೆ, ಅಲ್ಲಿ ತನ್ನಿಂದ ಮುಚ್ಚಿಟ್ಟದ್ದು ಏನೋ ಇದೆ. ಜಗತ್ತಿನಲ್ಲಿ ಇಷ್ಟು ದಿನ ತನ್ನ ಬೆನ್ನ ಹಿಂದೆ ಎಷ್ಟು ದಿಗಳು ಓಡಾಡಿವೆಯೋ ಎಂದು ನೆನೆದು ಅವನಿಗೆ ಗಾಬರಿಯಾಯಿತು.

ಮೊದಲು ಸಿಕ್ಕಿಬಿದ್ದವಳು ಹೆಂಡತಿ. ಅವಳ ಫೋನಿಗೆ ಪಕ್ಕದ ಮನೆಯಾಕೆ "ದಿ ಬಾಕ್ಸ್ ಈಸ್ ರೆಡಿ" ಎಂದು ಕಳಿಸಿದ್ದಳು.

"ಯಾವುದು?" ಎಂದ.

"ಏನು ಯಾವುದು?"

"ಬಾಕ್ಸು. ಎ ಬಾಕ್ಸ್ ಅಂದಿಲ್ಲ ಅವಳು. ದಿ ಬಾಕ್ಸ್ ಅಂದಿದ್ದಾಳೆ. ನಿಮ್ಮಿಬ್ಬರಿಗೂ ಗೊತ್ತಿರೋ ಬಾಕ್ಸು. ನನಗೆ ಗೊತ್ತಿಲ್ಲದ್ದು."

"ಗುಂಡಿ ಹಾಕಿಡೋ ಡಬ್ಬ ಕಣ್ರೀ. ಮುಚ್ಚಳ ಸರಿ ಮಾಡಿಸಿಕೊಡ್ತೀನಿ ಅಂದಿದ್ದಳು."

ಅವನು ಪಕ್ಕದ ಮನೆಗೇ ಹೋಗಿ ಡಬ್ಬ ಇಸಿದುಕೊಂಡು, ಗುಂಡಿಗಳನ್ನೆಲ್ಲ ಸುರಿದು, ತಳ ತಟ್ಟಿ ನೋಡಿ, ವಾಪಸು ತುಂಬಿ ತಂದ. ಅಂದಿನಿಂದ ಪಕ್ಕದ ಮನೆಯಾಕೆ ಇಂಗ್ಲಿಷಿನಲ್ಲಿ ಬರೆಯುವುದನ್ನೇ ಬಿಟ್ಟಳು. ಮನೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಅಳಿಯನ ಎದುರು ಬಾಯಿಗೆ ಬೀಗ ಹಾಕಿಕೊಂಡರು. ಕಾರ್ಖಾನೆಯಲ್ಲೂ ಯಾರು ಏನೆಂದರೂ ಅವನು "ಯಾವುದು?" ಎನ್ನುತ್ತಿದ್ದುದರಿಂದ ಯಾವ್ದಪ್ಪನೆಂದು ನಾಮಕರಣವಾಯಿತು. ಹೆಸರಿಟ್ಟವನು ಗಂಟಣ್ಣ.

ಹೀಗಿರುವಾಗ ಒಂದು ಬೆಳಗ್ಗೆ ಜವಾನ ರವಾನೆ ವಿಭಾಗದ ಬಾಗಿಲಲ್ಲಿ ನಿಂತು, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ. ಮ್ಯಾನೇಜರ ಕೋಣೆಯಲ್ಲಿ ಮೇಜು ಒರೆಸುತ್ತಿದ್ದಾಗ ಅವರು ಫೋನಿನಲ್ಲಿ ಮಾಲೀಕರ ಜೊತೆ ಮಾತಾಡುತ್ತಿದ್ದರು. ಅದರಲ್ಲಿ ಅವನಿಗೆ ಹಿಡಿದದ್ದು ಇಷ್ಟು. ಮ್ಯಾನ್. ಡಿಸ್ಪ್ಯಾಚ್. ಮಸ್ಟ್ ಗೋ.

"ಅಂದ್ರೆ?" ಎಂದ ಡ್ರೈವರ್.

"ರವಾನೆ ವಿಭಾಗದ ಮನುಷ್ಯ ಹೋಗಬೇಕು ಅಂತ," ಎಂದ ಯಾವ್ದಪ್ಪ. ಹೇಳುತ್ತ ಹೇಳುತ್ತ ಅವನ ಎದೆ ಧಸಕ್ಕೆಂದಿತು. ವ್ಯಾಪಾರ ಇಳಿದಿದೆ, ಜನರನ್ನು ಕಡಿಮೆ ಮಾಡುತ್ತಾರೆ ಎಂಬ ಗಾಳಿಮಾತು ಮೊದಲೇ ಇತ್ತು. ಈ ವಯಸ್ಸಿನಲ್ಲಿ ಈ ಕೆಲಸ ಹೋದರೆ ಇನ್ನೊಂದು ಕಡೆ ಬಾಗಿಲಲ್ಲೂ ನಿಲ್ಲಿಸಿಕೊಳ್ಳುವುದಿಲ್ಲ. ಹೆಂಡತಿಯ ಹೊಲಿಗೆಯೊಂದರಿಂದ ಸಂಸಾರ ಸಾಗದು. ಮಿಕ್ಕ ಇಬ್ಬರೂ ಹೆದರಿದರು, ಆದರೆ ಒಟ್ಟಾಗಿ, ದಪ್ಪವಾಗಿ ಹೆದರಿದರು. ವ್ಯಾಕರಣ ಬಲ್ಲ ಯಾವ್ದಪ್ಪ ಸೂಕ್ಷ್ಮವಾಗಿ ಹೆದರಿದ.

"ಮ್ಯಾನ್ ಅನ್ನೋದಕ್ಕೆ ಮುಂಚೆ ಏನಂದ್ರು?" ಎಂದು ಕೇಳಿದ.

"ಮುಂಚೆ ಹಲೋ ಅಂದ್ರು."

"ಅಷ್ಟು ಮುಂಚೆ ಅಲ್ಲ. ಮ್ಯಾನ್‌ಗೆ ಅಂಟಿಕೊಂಡ ಹಾಗೆ. ಎ ಮ್ಯಾನ್ ಅಂದ್ರೋ, ದಿ ಮ್ಯಾನ್ ಅಂದ್ರೋ?"

ಜವಾನ ಚಾವಣಿ ನೋಡಿದ. "ಎ ಅಂತ ಏನೋ ಬಂದ ಹಾಗಿತ್ತು. ಆದ್ರೆ ಅದು ಅವರು ಗಂಟಲು ಸರಿ ಮಾಡ್ಕೊಂಡದ್ದೂ ಇರಬಹುದು."

"ಎ ಆದ್ರೇನು, ದಿ ಆದ್ರೇನು?" ಎಂದ ಗಂಟಣ್ಣ.

ಯಾವ್ದಪ್ಪ ವಿವರಿಸಿದ. ಎ ಅಂದಿದ್ದರೆ ನಮ್ಮ ಮೂವರಲ್ಲಿ ಯಾರೋ ಒಬ್ಬರು ಹೋಗಬೇಕು, ಯಾರೆಂದು ಇನ್ನೂ ತೀರ್ಮಾನವಾಗಿಲ್ಲ, ಉಳಿದುಕೊಳ್ಳಲು ದಾರಿಯಿದೆ. ದಿ ಅಂದಿದ್ದರೆ ಮುಗಿಯಿತು. ಹೋಗುವವನು ಯಾರೆಂದು ಮ್ಯಾನೇಜರಿಗೂ ಗೊತ್ತು, ಮಾಲೀಕರಿಗೂ ಗೊತ್ತು. ಗೊತ್ತಿಲ್ಲದವನು ಹೋಗುವವನೊಬ್ಬನೇ.

ವಿಭಾಗದಲ್ಲಿ ಅಷ್ಟು ಹೊತ್ತೂ ಒಂದಾಗಿದ್ದ ಮೂವರು ಆ ಕ್ಷಣ ಮೂರು ಬೇರೆ ಬೇರೆ ಜನರಾದರು. ಡ್ರೈವರ್ ಗಂಟಣ್ಣನನ್ನು ನೋಡಿದ. ಗಂಟಣ್ಣ ಯಾವ್ದಪ್ಪನನ್ನು ನೋಡಿದ. ಯಾವ್ದಪ್ಪ ಇಬ್ಬರನ್ನೂ ನೋಡಿದ.

ಜವಾನನಿಗೆ ಅವನ ಜೀವಮಾನದಲ್ಲಿ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಮೂವರೂ ಅವನನ್ನು ಒಬ್ಬೊಬ್ಬರಾಗಿ ಮೂಲೆಗೆ ಕರೆದೊಯ್ದು ಹೊಸ ಸೋಫಾದ ಮೇಲೆ ಕೂರಿಸಿ ಕೇಳಿದರು. ಅವನು ಕೇಳಿದವರ ಮುಖ ನೋಡಿ ಸಾಕ್ಷಿ ಹೇಳಿದ. ಡ್ರೈವರಿಗೆ ಎ ಎಂದ. ಗಂಟಣ್ಣನಿಗೆ ಎರಡೂ ಇತ್ತು ಎಂದ. ಯಾವ್ದಪ್ಪ ಕೇಳಿದಾಗ ಮಾತ್ರ ಕಣ್ಣು ತಪ್ಪಿಸಿ, "ದಿ ಇದ್ದಂಗೆ ಇತ್ತು. ಮನಸ್ಸಿಗೆ ಹಚ್ಕೋಬೇಡಿ" ಎಂದ. ಹಚ್ಚಿಕೊಳ್ಳಬೇಡಿ ಎಂದರೆ ಹಚ್ಚಿಕೊಳ್ಳದೆ ಇರುವವನು ಇನ್ನೂ ಹುಟ್ಟಬೇಕು.

ಅಂದಿನಿಂದ ಯಾವ್ದಪ್ಪ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮ್ಯಾನೇಜರನ್ನು ಗಮನಿಸತೊಡಗಿದ. ನೋಡುವವನಿಗೆ ಕುರುಹುಗಳಿಗೇನು ಬರ. ಮ್ಯಾನೇಜರ್ ಅವನೊಬ್ಬನಿಗೇ ಗುಡ್ ಮಾರ್ನಿಂಗ್ ಎಂದರು. ಕೊರಳು ಕೊಯ್ಯುವವರು ಮೊದಲು ನಗುತ್ತಾರೆ. ಹೌ ಈಸ್ ದಿ ಕ್ಲಾಸ್ ಎಂದು ಕೇಳಿದರು. ತಾನು ಕ್ಲಾಸಿಗೆ ಹೋಗುವ ವಿಷಯ ಅವನು ಅವರಿಗೆ ಹೇಳಿಯೇ ಇರಲಿಲ್ಲ. ಹಾಗಿದ್ದರೆ ದಿ ಎಲ್ಲಿಂದ ಬಂತು? ತನ್ನ ಮೇಲೆ ಗೂಢಚಾರರನ್ನು ಬಿಟ್ಟಿದ್ದಾರೆ. ಕೆಲಸದ ಹೊತ್ತಿನಲ್ಲಿ ಅವನು ಮೇಷ್ಟ್ರ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುವುದು ಕಾರ್ಖಾನೆಗೆಲ್ಲ ಕೇಳಿಸುತ್ತಿತ್ತು ಎಂಬುದು ಅವನಿಗೆ ತೋಚಲಿಲ್ಲ.

ಎಲ್ಲಕ್ಕಿಂತ ಘೋರವಾದದ್ದು ಬಡಗಿ ಬಂದದ್ದು. ಬಡಗಿ ಟೇಪು ಹಿಡಿದು ಬಂದವನು ಯಾವ್ದಪ್ಪನನ್ನು ಏಳಿಸಿ ಅವನ ಕುರ್ಚಿಯ ಎತ್ತರ, ಅಗಲ ಅಳೆದ. ಆಮೇಲೆ ಕೂರಲು ಹೇಳಿ ಮೊಣಕಾಲಿನಿಂದ ನೆಲಕ್ಕೆ ಅಳೆದ.

"ಏನಿದು?"

"ಈ ಅಳತೆಗೆ ಸರಿಯಾಗಿ ಹೊಸ ಕುರ್ಚಿ ಮಾಡಬೇಕಂತೆ. ಕೈಯಿರೋದು."

"ಯಾರಿಗೆ?"

"ಆ ಮನುಷ್ಯನಿಗೆ ಅಂತ ಮ್ಯಾನೇಜರು ಹೇಳಿದ್ರು. ಯಾವ ಮನುಷ್ಯ ಅಂತ ನಾನು ಕೇಳಲಿಲ್ಲ. ನಾನೇನು ನಿಮ್ಮ ಹಾಗಾ?"

ಯಾವ್ದಪ್ಪನಿಗೆ ಸಂಗತಿ ಸ್ಪಷ್ಟವಾಯಿತು. ತನ್ನ ಜಾಗಕ್ಕೆ ಬೇರೆಯವನನ್ನು ಆರಿಸಿ ಆಗಿದೆ. ಅವನ ಕಾಲು ತನ್ನ ಕಾಲಿನಷ್ಟೇ ಉದ್ದವಿದೆ. ಆ ಹೊಸಬನಿಗೆ ಕೈಯಿರುವ ಕುರ್ಚಿ. ತನಗೆ ಬೀದಿ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದ. ಹೆಂಡತಿ ಹೊಲಿಗೆ ನಿಲ್ಲಿಸಿ ಕೇಳಿದಳು, "ಹೋಗಬೇಕು ಅಂದ್ರಲ್ಲ, ಎಲ್ಲಿಗೆ ಅಂತ ಕೇಳಿದ್ರಾ?"

"ಎಲ್ಲಿಗೆ ಅಂದ್ರೆ? ಆಚೆಗೆ. ಇಲ್ಲಿ ಪ್ರಶ್ನೆ ಎಲ್ಲಿಗೆ ಅನ್ನೋದಲ್ಲ. ಎ ಅನ್ನೋದೋ ದಿ ಅನ್ನೋದೋ."

"ಎಲ್ಲಿಗೆ ಅಂತ ಒಂದು ಮಾತು ಕೇಳಿಬಿಡಿ. ಜನ ಹೋಗೋದು ಆಚೆಗೊಂದಕ್ಕೇನಾ?"

"ನಿನಗೆ ವ್ಯಾಕರಣ ಗೊತ್ತಿಲ್ಲ," ಎಂದು ಅವನು ಮೇಷ್ಟ್ರ ಮನೆಗೆ ಹೊರಟ.

ಮೇಷ್ಟ್ರು ಸಮಸ್ಯೆಯನ್ನು ಕೇಳಿ ಖುಷಿಪಟ್ಟರು. ಅವರ ಇಡೀ ವೃತ್ತಿಯಲ್ಲಿ ಯಾವ ವಿದ್ಯಾರ್ಥಿಯೂ ಎ ಮತ್ತು ದಿಗಾಗಿ ಕಣ್ಣೀರು ಹಾಕಿರಲಿಲ್ಲ. "ನೀನೇ ಮೊದಲು ಹೋಗಿ ಮಾತಾಡಿಬಿಡು," ಎಂದರು. "ತೆಗೀಬೇಕಾದ ಮನುಷ್ಯ ನಾನಲ್ಲ ಅಂತ."

"ಐ ಆಮ್ ನಾಟ್ ಎ ಮ್ಯಾನ್ ಅನ್ನಲಾ?"

"ಹಾಗಂದ್ರೆ ನೀನು ಗಂಡಸೇ ಅಲ್ಲ ಅಂತಾಗುತ್ತೆ. ಐ ಆಮ್ ನಾಟ್ ದಿ ಮ್ಯಾನ್. ಅವರ ತಲೇಲಿ ಒಬ್ಬ ಇದ್ದಾನೆ, ಅವನು ನಾನಲ್ಲ. ದಿ ಬಿಟ್ಟೀಯ ಜೋಕೆ."

ದಿ ಬಿಡದಿರಲು ಅವನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಐ ಆಮ್ ನಾಟ್ ದಿ ಮ್ಯಾನ್. ಒಮ್ಮೆ ವಿನಯದಿಂದ, ಒಮ್ಮೆ ಎದೆಯುಬ್ಬಿಸಿ, ಒಮ್ಮೆ ತಲೆಯಾಡಿಸುತ್ತ. ಅತ್ತೆ ಬಾಗಿಲ ಸಂದಿಯಿಂದ ಕೇಳಿಸಿಕೊಂಡರು. ಅಳಿಯ ಕನ್ನಡಿಗೆ ಏನು ಹೇಳುತ್ತಿದ್ದಾನೆಂದು ಪಕ್ಕದ ಮನೆಯಾಕೆಯನ್ನು ವಿಚಾರಿಸಿದರು. ಗುಂಡಿ ಡಬ್ಬದ ನೋವು ಇನ್ನೂ ಆರದಿದ್ದ ಆಕೆ ಅನುವಾದಿಸಿದಳು. "ಆ ಮನುಷ್ಯ ನಾನಲ್ಲ ಅಂತಿದ್ದಾರೆ."

"ಯಾವ ಮನುಷ್ಯ?"

"ಅದೇ ಗೊತ್ತಾಗಬೇಕಾಗಿರೋದು. ಏನೂ ಮಾಡದೆ ಇರೋರು ಯಾರಾದ್ರೂ ಹಾಗಂತಾರಾ?"

ಮರುದಿನ ಹೊತ್ತೇರುವುದರೊಳಗೆ ಬೀದಿಗೆ ಬೀದಿಯೇ ಯಾವ್ದಪ್ಪ ಆ ಮನುಷ್ಯ ಹೌದೋ ಅಲ್ಲವೋ ಎಂದು ಚರ್ಚೆಗಿಳಿಯಿತು. ಎದುರು ಮನೆಯವರು ಸೈಕಲ್ಲನ್ನು ಒಳಗಿಟ್ಟುಕೊಂಡರು. ಇಸ್ತ್ರಿಯವನು ಅವನ ಅಂಗಿಗಳ ಜೇಬು ನೋಡಿ ಕೊಟ್ಟ. ಸುದ್ದಿ ಕೇಳಿ ಭಾವಮೈದುನ ಬಸ್ಸು ಹತ್ತಿ ಬಂದವನು, ಚಪ್ಪಲಿ ಕೂಡ ಬಿಡದೆ, "ಭಾವ, ಏನಾಗಿದ್ರೂ ನನ್ನ ಹತ್ರ ಹೇಳಿಬಿಡಿ. ನನಗೆ ಪರಿಚಯದ ಲಾಯರ್ ಇದ್ದಾರೆ" ಎಂದ.

"ನಾನು ಆ ಮನುಷ್ಯ ಅಲ್ಲ ಕಣೋ," ಎಂದ ಯಾವ್ದಪ್ಪ.

"ಲಾಯರ್ ಮುಂದೂ ಹಾಗೇ ಹೇಳಿ," ಎಂದ ಭಾವಮೈದುನ.

ಮಾರನೆಯ ಬೆಳಗ್ಗೆ ಅವನು ಕೆಲಸಕ್ಕೆ ಹೊರಟಾಗ ಹೆಂಡತಿ ಬಾಗಿಲ ತನಕ ಬಂದು, ಅವನ ಕಾಲರ್ ಸರಿಮಾಡಿ, ಮೆಲ್ಲಗೆ ಹೇಳಿದಳು. "ಎಲ್ಲಿಗೆ ಅಂತ ಕೇಳಿ. ನನಗೋಸ್ಕರ."

ಕಾರ್ಖಾನೆಯಲ್ಲಿ ಅಂದು ಮ್ಯಾನೇಜರೇ ಅವನನ್ನು ಕರೆಸಿದರು. ಹೊರಗೆ ಬೆಂಚಿನ ಮೇಲೆ ಗಂಟಣ್ಣನೂ ಡ್ರೈವರೂ ಕೂತಿದ್ದರು. ಜವಾನ ಬಾಗಿಲು ತೆರೆದು ಹಿಡಿದು, ಆಸ್ಪತ್ರೆಯಲ್ಲಿ ನೋಡುವ ಹಾಗೆ ಅವನನ್ನು ನೋಡಿದ. ಯಾವ್ದಪ್ಪ ತನ್ನ ವಾಕ್ಯವನ್ನು ಗಟ್ಟಿಯಾಗಿ ಹಿಡಿದುಕೊಂಡು ಒಳಗೆ ಹೋದ. ಮ್ಯಾನೇಜರ್ ಎದ್ದು ನಿಂತು ನಗುತ್ತ, "ಐ ಥಿಂಕ್ ಯು ಆರ್ ದಿ ಮ್ಯಾನ್" ಎಂದರು.

ದಿ. ಎರಡು ಕಿವಿಗಳಿಂದ ತಾನೇ ಕೇಳಿದ. ಇನ್ನು ಜವಾನನ ಸಾಕ್ಷಿ ಬೇಕಿರಲಿಲ್ಲ.

"ಸರ್," ಎಂದ ಯಾವ್ದಪ್ಪ, ಉಸಿರು ಕಟ್ಟಿ. "ಐ ಆಮ್ ನಾಟ್ ದಿ ಮ್ಯಾನ್."

ಮ್ಯಾನೇಜರ ನಗು ಅರ್ಧಕ್ಕೆ ನಿಂತಿತು. ಖಂಡಿತವಾಗಿಯೂ ಅಲ್ಲವೆ ಎಂದು ಕೇಳಿದರು. ಯಾವ್ದಪ್ಪನಿಗೆ ಧೈರ್ಯ ಬಂತು. ಹೆಂಡತಿಯ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು, ಆದರೆ ಅದಕ್ಕೆ ಇಂಗ್ಲಿಷಿನಲ್ಲಿ ಎ ಬೇಕೋ ದಿ ಬೇಕೋ ತಿಳಿಯದೆ ನುಂಗಿಕೊಂಡ. ಬದಲಿಗೆ, "ಐ ಆಮ್ ಎ ಮ್ಯಾನ್, ಸರ್. ದಿ ಮ್ಯಾನ್ ಈಸ್ ಅನದರ್ ಮ್ಯಾನ್" ಎಂದ. ಮೂರು ಮ್ಯಾನ್‌ಗಳಿಗೂ ಏನೇನು ಬೇಕೋ ಅದನ್ನೇ ಕೊಟ್ಟಿದ್ದ. ಜೀವಮಾನದಲ್ಲಿ ಮೊದಲ ಸಲ ಅವನ ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ.

ಮ್ಯಾನೇಜರ್, ಇಷ್ಟು ಸ್ಪಷ್ಟವಾಗಿ ಬೇಡ ಎನ್ನುವವನನ್ನು ಒತ್ತಾಯಿಸುವುದು ಸಭ್ಯತೆಯಲ್ಲ ಎಂದುಕೊಂಡರೋ ಏನೋ, ಕೈ ಕುಲುಕಿ, ಕಳಿಸಿಕೊಟ್ಟು, ಮುಂದಿನವನನ್ನು ಕರೆದರು. ಮುಂದಿನವನು ಗಂಟಣ್ಣ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಆರ್ ಯು ದಿ ಮ್ಯಾನ್ ಎಂದು ಮ್ಯಾನೇಜರ್ ಕೇಳಿದ್ದು ಹೊರಗೆ ಕೇಳಿಸಿತು. ಗಂಟಣ್ಣನಿಗೆ ಅದರಲ್ಲಿ ಮ್ಯಾನ್ ಒಂದೇ ತಿಳಿದದ್ದು. ನೀನು ಗಂಡಸೇನೋ ಎಂದು ಯಾರಾದರೂ ಕೇಳಿದರೆ ಹಿಂದೆ ಸರಿಯುವ ಜಾಯಮಾನ ಅವನದಲ್ಲ.

"ಐ ಮ್ಯಾನ್, ಸಾರ್," ಎಂದ. ಎ ಇಲ್ಲ, ದಿ ಇಲ್ಲ, ಕ್ರಿಯಾಪದವೂ ಇಲ್ಲ.

ಒಳಗೆ ಕುರ್ಚಿ ಸರಿದ ಸದ್ದು, ಬೆನ್ನು ತಟ್ಟಿದ ಸದ್ದು, ಮ್ಯಾನೇಜರ ನಗು. ಬೆಂಚಿನ ಮೇಲಿದ್ದ ಯಾವ್ದಪ್ಪ ಡ್ರೈವರಿಗೆ ಪಿಸುಗುಟ್ಟಿದ. "ಪಾಪ, ಸಿಕ್ಕಿಬಿದ್ದ. ವ್ಯಾಕರಣ ಕಲೀರಿ ಅಂತ ಬಡ್ಕೊಂಡೆ."

ಸಂಜೆ ಮನೆಯಲ್ಲಿ ಭಾವಮೈದುನನಿಗೆ ಊಟಕ್ಕಿಟ್ಟು ಎಲ್ಲರೂ ನೆಮ್ಮದಿಯಿಂದ ಇದ್ದರು. ಯಾವ್ದಪ್ಪ ತನ್ನ ವಾಕ್ಯವನ್ನು ಅತ್ತೆಗೂ ಎರಡು ಸಲ ಹೇಳಿ ತೋರಿಸಿದ. ಹೆಂಡತಿ ಮಾತ್ರ, "ಎಲ್ಲಿಗೆ ಅಂತ ಕೇಳಿದ್ರಾ?" ಎಂದಳು. ಅವನು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡ.

ಎಲ್ಲಿಗೆ ಎನ್ನುವುದು ಮರುದಿನ ನೋಟಿಸ್ ಬೋರ್ಡಿನಲ್ಲಿತ್ತು. ಊರಿನ ಆಚೆ ಬದಿಯಲ್ಲಿ ಕಾರ್ಖಾನೆಯ ಹೊಸ ಶಾಖೆ ತೆರೆಯುತ್ತಿದೆ. ಅದರ ರವಾನೆ ವಿಭಾಗಕ್ಕೆ ಇಲ್ಲಿಂದ ಒಬ್ಬರು ಇನ್‌ಚಾರ್ಜ್ ಆಗಿ ಹೋಗುತ್ತಾರೆ. ಕೆಳಗೆ ಗಂಟಣ್ಣನ ಅಸಲು ಹೆಸರಿತ್ತು. ಅದು ಯಾರೆಂದು ತಿಳಿಯಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು. ಯಾವ್ದಪ್ಪ ನೋಟಿಸನ್ನು ಓದಿದ. ಮತ್ತೊಮ್ಮೆ ಓದಿದ. ಜವಾನ ಹತ್ತಿರ ಬಂದು, "ನೋಡಿ, ನಾನು ಆವತ್ತೇ ಹೇಳಿರಲಿಲ್ವಾ, ದಿ ಅಂತ" ಎಂದ.

ಬಡಗಿ ಹೊಸ ಕುರ್ಚಿ ತಂದಿಟ್ಟ. ಅದನ್ನು ಶಾಖೆಗೆ ಕಳಿಸುವ ಕೆಲಸ ರವಾನೆ ವಿಭಾಗದ್ದೇ. ಕಟ್ಟುವ ಮೊದಲು, ಯಾರೂ ಇಲ್ಲದ ಹೊತ್ತು ನೋಡಿ, ಯಾವ್ದಪ್ಪ ಅದರಲ್ಲಿ ಕೂತ. ಮೊಣಕಾಲು ಸರಿಯಾಗಿ ಬಂತು. ಪಾದ ನೆಲಕ್ಕೆ ಸರಿಯಾಗಿ ಕೂತಿತು. ಮೊಣಕೈಗೆ ಕುರ್ಚಿಯ ಕೈ ಎಲ್ಲಿ ಬೇಕೋ ಅಲ್ಲಿತ್ತು. ಅಷ್ಟು ಸುಖವಾಗಿ ಅವನು ಯಾವತ್ತೂ ಕೂತಿರಲಿಲ್ಲ. ಡ್ರೈವರ್ ವ್ಯಾನಿನ ಹಾರನ್ ಹೊಡೆದ ಮೇಲೆ ಎದ್ದು, ಗಂಟಣ್ಣ ಇಲ್ಲದ್ದರಿಂದ ತಾನೇ ಹಗ್ಗ ಬಿಗಿದ.

ಕೆಲವು ದಿನಗಳಾದ ಮೇಲೆ ಶಾಖೆಯಿಂದ ಗಂಟಣ್ಣನ ಫೋನ್ ಬಂತು. ಮಾತಿನಲ್ಲಿ ಹಮ್ಮು ಬಿಮ್ಮು ಏನೂ ಇರಲಿಲ್ಲ. ಅವನು ಕುಳ್ಳ, ಕುರ್ಚಿ ಎತ್ತರವಾಯಿತಂತೆ.

"ಕಾಲು ನೆಲಕ್ಕೆ ತಾಗ್ತಿಲ್ಲ ಮಾರಾಯ. ಸಂಜೆ ಆಗೋದ್ರೊಳಗೆ ಜೋಮು ಹಿಡಿಯುತ್ತೆ. ಕಾಲಿಡೋಕೆ ಸ್ಟೂಲ್ ಕಳಿಸು."

"ಯಾವುದು?" ಎಂದ ಯಾವ್ದಪ್ಪ, ಅಭ್ಯಾಸಬಲದಿಂದ.

"ಯಾವುದಾದ್ರೂ ಒಂದು."

ಯಾವ್ದಪ್ಪ ಗೋದಾಮಿಗೆ ಹೋಗಿ ಯಾವುದೋ ಒಂದು ಸ್ಟೂಲನ್ನು ತೆಗೆದ. ಹಾಳೆ ಸುತ್ತಿದ. ಹಗ್ಗ ಕಟ್ಟಿದ. ವಿಳಾಸದ ಚೀಟಿ ಮುಂದಿಟ್ಟುಕೊಂಡು, ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದ: ಎ ಸ್ಟೂಲ್ ಫಾರ್ ದಿ ಮ್ಯಾನ್.

ಮೇಷ್ಟ್ರು ನೋಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.